ದೂರಬೋಧನೆಯ ಚರಿತ್ರೆಯಲ್ಲಿ ಬೋಧಕರ ಸಿದ್ಧತೆ: ನಮ್ಮ ಗುರುಮಠಗಳಿಗೊಂದು ಪಾಠ

ಪೀಠಿಕೆ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಶಾಲಾಕಾಲೇಜುಗಳಂತೆಯೇ ದೈವಶಾಸ್ತ್ರದ ತರಗತಿಗಳೂ ನಿಂತವು. ಕೆಲವೇ ವಾರಗಳಲ್ಲಿ ಅವು ಮೊಬೈಲ್ ಮತ್ತು ಲ್ಯಾಪ್‌ಟಾಪ್‌ಗಳ ಪರದೆಯ ಮೇಲೆ ಮತ್ತೆ ಆರಂಭವಾದವು. ನಾನು ಬಲ್ಲ ಹಿರಿಯ ಗುರುಗಳೊಬ್ಬರು ಧರ್ಮಸಭೆಯ ಚರಿತ್ರೆಯನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ಕಲಿಸಿದವರು. ಅವರ ಕೈಗೆ ಒಂದು ಲಿಂಕ್ ಮತ್ತು ಒಂದು ಪಾಸ್‌ವರ್ಡ್ ಬಂದವು. ಮರುದಿನದಿಂದ ಪಾಠ ಮಾಡಬೇಕೆಂಬ ಸೂಚನೆಯೂ ಬಂತು. ಬೇರೆ ಏನೂ ಬರಲಿಲ್ಲ. ಮೊದಲ ವಾರದ ಕೊನೆಯಲ್ಲಿ ಅವರು ನನಗೆ ಫೋನ್ ಮಾಡಿ, "ಫಾದರ್, ಒಂದು ಗಂಟೆ ಮಾತಾಡಿದೆ. ಆ ಕಡೆ ಯಾರಾದರೂ ಇದ್ದರೋ ಇಲ್ಲವೋ ಗೊತ್ತಾಗಲಿಲ್ಲ" ಎಂದರು. ಎರಡನೆಯ ತಿಂಗಳಿನಿಂದ ಅವರು ಟಿಪ್ಪಣಿಗಳನ್ನು ಟೈಪ್ ಮಾಡಿಸಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸತೊಡಗಿದರು. ತರಗತಿಗಳು ಮತ್ತೆ ತೆರೆದಾಗ ಅವರು ಮರಳಿ ಪಾಠ ಮಾಡಲು ಒಪ್ಪಲಿಲ್ಲ. "ನನಗೆ ಕಲಿಸಲು ಬರುತ್ತದೆ ಎಂದುಕೊಂಡಿದ್ದೆ" ಎಂದಷ್ಟೇ ಹೇಳಿದರು.

ಆ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಅವರಿಗೆ ಕಲಿಸಲು ಬರುತ್ತಿತ್ತು; ಅವರ ಪಾಠ ಕೇಳಿದ ನೂರಾರು ಗುರುಗಳು ಇದಕ್ಕೆ ಸಾಕ್ಷಿ. ಅವರಿಗೆ ದೊರೆಯದೆ ಹೋದದ್ದು ಆಸರೆ. ಈಗ ಉಪದೇಶಿಗಳಿಗೂ ಧರ್ಮಭಗಿನಿಯರಿಗೂ ಶ್ರೀಸಾಮಾನ್ಯ ವಿಶ್ವಾಸಿಗಳಿಗೂ ಆನ್‌ಲೈನ್ ಮೂಲಕ ದೈವಶಾಸ್ತ್ರ ಕಲಿಸಬೇಕೆಂಬ ಮಾತು ಹಲವೆಡೆ ಕೇಳಿಬರುತ್ತಿದೆ. ಯಾವ ಆ್ಯಪ್ ಕೊಳ್ಳಬೇಕು, ಶುಲ್ಕ ಎಷ್ಟಿರಬೇಕು, ಪ್ರಮಾಣಪತ್ರ ಯಾರು ಕೊಡಬೇಕು ಎಂಬ ಚರ್ಚೆ ಸಾಕಷ್ಟು ನಡೆಯುತ್ತದೆ. ಕಲಿಸುವವರನ್ನು ಯಾರು, ಹೇಗೆ, ಎಷ್ಟು ಕಾಲ ಸಿದ್ಧಪಡಿಸಬೇಕು ಎಂಬ ಪ್ರಶ್ನೆ ಮಾತ್ರ ಕಡೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಆದರೆ ದೂರದಿಂದ ಕಲಿಸುವ ಪ್ರಯತ್ನಗಳ ಚರಿತ್ರೆಯನ್ನು ಓದಿದರೆ ಈ ಪ್ರಶ್ನೆಯೇ ಮೊದಲನೆಯದೆಂದು ತಿಳಿಯುತ್ತದೆ. ಬೋಧಕರ ಹೊರೆಯನ್ನು ಸಂಸ್ಥೆ ಹಂಚಿಕೊಂಡ ಕಡೆ ದೂರಬೋಧನೆ ಬೇರುಬಿಟ್ಟಿದೆ. ಬೋಧಕರನ್ನು ಉಪಕರಣದೊಡನೆ ಒಂಟಿಯಾಗಿ ಬಿಟ್ಟ ಕಡೆ ಸೊರಗಿದೆ. ಈ ಮಾತಿಗೆ ಆಧಾರವಾಗುವ ಕೆಲವು ಘಟ್ಟಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಪತ್ರದ ಹಿಂದಿನ ಕೈಗಳು

ದೂರದಿಂದ ಕಲಿಸುವುದು ಧರ್ಮಸಭೆಗೆ ಹೊಸದಲ್ಲ. ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹಗಳೇ ದೂರದ ಸಭೆಗಳಿಗೆ ಬರೆದ ಪತ್ರಗಳು. ಆದರೆ ಸಂತ ಪೌಲರು ಒಂಟಿಯಾಗಿ ಕುಳಿತು ಬರೆದು ಕಳುಹಿಸಿದರೆಂದು ನಾವು ಕಲ್ಪಿಸಿಕೊಂಡರೆ ತಪ್ಪಾಗುತ್ತದೆ. ರೋಮನರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯವನ್ನು ಗಮನಿಸಿ. ಪತ್ರವನ್ನು ಬರೆದ ತೆರ್ತ್ಯನು ತನ್ನದೇ ವಂದನೆಯನ್ನು ಅಲ್ಲಿ ಸೇರಿಸಿದ್ದಾನೆ. ಗಾಯನು ಪೌಲರಿಗೂ ಇಡೀ ಸಭೆಗೂ ಆತಿಥ್ಯ ನೀಡಿದವನು. ಅಧ್ಯಾಯದ ಆರಂಭದಲ್ಲಿ ಕೆಂಕ್ರೆಯ ಸಭೆಯ ಸೇವಕಿ ಫೆಬೆಯನ್ನು ಸ್ವೀಕರಿಸಿ ನೆರವಾಗಬೇಕೆಂಬ ಶಿಫಾರಸು ಇದೆ. ಆಕೆಯೇ ಪತ್ರವನ್ನು ರೋಮಿಗೆ ಒಯ್ದವಳೆಂಬುದು ವ್ಯಾಖ್ಯಾನಕಾರರ ಸಾಮಾನ್ಯ ಅಭಿಪ್ರಾಯ. ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ತುಖಿಕನ ಹೆಸರು ಬರುತ್ತದೆ. ಪತ್ರದಲ್ಲಿ ಬರೆಯದ ಸಂಗತಿಗಳನ್ನು ಬಾಯಿಮಾತಿನಲ್ಲಿ ತಿಳಿಸುವುದೂ ಕೇಳುಗರ ಹೃದಯಕ್ಕೆ ಧೈರ್ಯ ತುಂಬುವುದೂ ಅವನಿಗೆ ಒಪ್ಪಿಸಿದ ಕೆಲಸ. ಆ ಪತ್ರವನ್ನು ಲವೊದಿಕೇಯದ ಸಭೆಯಲ್ಲಿಯೂ ಓದಿಸಬೇಕು, ಅಲ್ಲಿಗೆ ಕಳುಹಿಸಿದ್ದನ್ನು ಇಲ್ಲಿ ಓದಬೇಕು ಎಂಬ ಏರ್ಪಾಡೂ ಇದೆ.

ಇಲ್ಲಿ ಬೋಧಕ ಒಬ್ಬನೇ, ಕೈಗಳು ಅನೇಕ. ಬರೆಯುವವನು, ಮನೆ ಕೊಡುವವನು, ಒಯ್ಯುವವಳು, ಓದಿ ವಿವರಿಸುವವನು ಎಲ್ಲರೂ ಸೇರಿ ದೂರದಲ್ಲಿದ್ದ ಪೌಲರನ್ನು ಸಭೆಯ ನಡುವೆ ಉಪಸ್ಥಿತಗೊಳಿಸಿದರು. ದೇಹದಿಂದ ದೂರವಿದ್ದರೂ ಆತ್ಮದಿಂದ ನಿಮ್ಮೊಡನಿದ್ದೇನೆ ಎಂದು ಕೊರಿಂಥದವರಿಗೆ ಹೇಳುವ ಅದೇ ಪೌಲರು, ತಾನೇ ಬಂದು ಕಾಣುವ ಹಂಬಲವನ್ನು ಪತ್ರಗಳಲ್ಲಿ ಮತ್ತೆ ಮತ್ತೆ ವ್ಯಕ್ತಪಡಿಸುತ್ತಾರೆ. ಪತ್ರವು ಮುಖಾಮುಖಿ ಭೇಟಿಯ ಬದಲಿಗೆ ಬಂದದ್ದಲ್ಲ. ಹಿಂದಿನ ಭೇಟಿಗೂ ಮುಂದಿನ ಭೇಟಿಗೂ ನಡುವಿನ ಸೇತುವೆಯಾಗಿ ಬಂದದ್ದು. ಮುಂದೆ ನೋಡಲಿರುವ ಘಟ್ಟಗಳಲ್ಲೆಲ್ಲ ಈ ಎರಡು ಅಂಶಗಳು ಮರುಕಳಿಸುತ್ತವೆ.

2. ಬೋಧಕನೂ ಕಲಿಯಬೇಕಾದವನು

ಟ್ರೆಂಟ್ ಮಹಾಸಭೆಯು 1563ರ ಜುಲೈ 15ರಂದು, ತನ್ನ ಇಪ್ಪತ್ತಮೂರನೆಯ ಅಧಿವೇಶನದಲ್ಲಿ, ಪ್ರತಿ ಧರ್ಮಕ್ಷೇತ್ರವೂ ಗುರುಮಠವನ್ನು ಸ್ಥಾಪಿಸಬೇಕೆಂದು ವಿಧಿಸಿತು. ಯಾಜಕತ್ವಕ್ಕೆ ಸಿದ್ಧರಾಗುವವರು ಒಂದೇ ಸೂರಿನಡಿ ಬಾಳಿ ಕಲಿಯಬೇಕೆಂಬ ಕ್ರಮ ಅಲ್ಲಿಂದ ಗಟ್ಟಿಯಾಯಿತು. ಆದರೆ ಕಟ್ಟಡದಿಂದಲೇ ಶಿಕ್ಷಣವಾಗುವುದಿಲ್ಲ, ಬೋಧಕರನ್ನು ರೂಪಿಸಬೇಕು ಎಂಬುದನ್ನು ಮೊದಲು ಸ್ಪಷ್ಟ ನಿಯಮವಾಗಿಸಿದವರಲ್ಲಿ ಯೇಸುಸಭೆಯವರು ಪ್ರಮುಖರು. 1599ರಲ್ಲಿ ಅಂತಿಮಗೊಂಡ ಅವರ 'ರಾಸಿಯೊ ಸ್ಟುಡಿಯೋರುಂ' ಎಂಬ ಶಿಕ್ಷಣಕ್ರಮದಲ್ಲಿ ಕಾಲೇಜಿನ ರೆಕ್ಟರರಿಗೆ ಒಂದು ವಿಶೇಷ ನಿಯಮವಿದೆ. ಮುಂದೆ ಬೋಧಕರಾಗಲಿರುವವರು ನುರಿತ ಅಧ್ಯಾಪಕರೊಬ್ಬರ ಬಳಿ ವಾರಕ್ಕೆ ಮೂರು ಬಾರಿ, ಒಂದೊಂದು ಗಂಟೆ ಕುಳಿತು, ಪಾಠ ಒಪ್ಪಿಸುವುದನ್ನೂ ಬರೆಸುವುದನ್ನೂ ತಿದ್ದುವುದನ್ನೂ ಅಭ್ಯಾಸ ಮಾಡಬೇಕು. ವಿಷಯ ಬಲ್ಲವನಿಗೆ ಕಲಿಸುವುದು ತಾನಾಗಿ ಬರುತ್ತದೆಂದು ಆ ಕ್ರಮವನ್ನು ರೂಪಿಸಿದವರು ನಂಬಲಿಲ್ಲ. ನಿಯಮ ಮಾಡಿದ್ದಷ್ಟೇ ಅಲ್ಲ, ಅದಕ್ಕೆ ಗಂಟೆಯನ್ನೂ ಗುರುವನ್ನೂ ಗೊತ್ತುಮಾಡಿದರು.

ಇದೇ ಮಾತನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಯಾಜಕರ ತರಬೇತಿಯನ್ನು ಕುರಿತ 'ಒಪ್ತಾತಂ ತೋತಿಯುಸ್' ಆಜ್ಞಾಪತ್ರದ ಐದನೆಯ ಪರಿಚ್ಛೇದದಲ್ಲಿ ಪುನರುಚ್ಚರಿಸಿತು. ಗುರುಮಠದ ಶಿಕ್ಷಣದ ಫಲ ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿನ ಬೋಧಕರನ್ನು ಅವಲಂಬಿಸಿದೆ. ಆದ್ದರಿಂದ ಅವರನ್ನು ಗಟ್ಟಿಯಾದ ಸಿದ್ಧಾಂತ, ಪಾಲನಾಸೇವೆಯ ಅನುಭವ ಮತ್ತು ವಿಶೇಷವಾದ ಆಧ್ಯಾತ್ಮಿಕ ಹಾಗೂ ಬೋಧನಾ ತರಬೇತಿಯಿಂದ ಸಿದ್ಧಪಡಿಸಬೇಕೆಂಬುದು ಅದರ ಆಶಯ. ಮೊದಲ ಎರಡನ್ನು ನಾವು ಶ್ರದ್ಧೆಯಿಂದ ಪಾಲಿಸಿದ್ದೇವೆ. ಲೈಸೆನ್ಶಿಯೇಟ್, ಡಾಕ್ಟರೇಟ್‌ಗಳಿಗಾಗಿ ರೋಮಿಗೂ ಲೂವೆನ್‌ಗೂ ಕಳುಹಿಸುತ್ತೇವೆ. ಮೂರನೆಯದಕ್ಕಾಗಿ ಒಂದು ತಿಂಗಳನ್ನು ಮೀಸಲಿಟ್ಟ ಉದಾಹರಣೆಗಳು ವಿರಳ. ನಾನು ಲೈಸೆನ್ಶಿಯೇಟ್ ಮುಗಿಸಿ ಬಂದ ಮುಂದಿನ ಸೋಮವಾರವೇ ತರಗತಿಗೆ ಹೋದೆ. ಕಲಿಸುವುದು ಹೇಗೆಂದು ಆವರೆಗೆ ನನಗೆ ಯಾರೂ ಹೇಳಿರಲಿಲ್ಲ. ಮುಖಾಮುಖಿ ತರಗತಿಯಲ್ಲಿ ಈ ಕೊರತೆ ಮುಚ್ಚಿಹೋಗುತ್ತದೆ, ಏಕೆಂದರೆ ವಿದ್ಯಾರ್ಥಿಗಳ ಮುಖವೇ ನಮ್ಮನ್ನು ತಿದ್ದುತ್ತದೆ. ಮುಖ ಕಾಣದ ಕಡೆ ಅದು ಬಯಲಾಗುತ್ತದೆ.

3. ಗ್ವಾಟೆಮಾಲಾ, 1963

ದೈವಶಾಸ್ತ್ರದ ದೂರಶಿಕ್ಷಣವನ್ನು ಒಂದು ಚಳವಳಿಯಾಗಿಸಿದ ಪ್ರಯೋಗ ನಡೆದದ್ದು ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ. ನಮ್ಮ ಪ್ರೆಸ್ಬಿಟೇರಿಯನ್ ಸಹೋದರರ ಈ ಪ್ರಯೋಗವನ್ನು ಕಥೋಲಿಕ ಗುರುಮಠಗಳು ಅಷ್ಟಾಗಿ ಗಮನಿಸಿಲ್ಲವಾದ ಕಾರಣ ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ರಾಜಧಾನಿಯಲ್ಲಿದ್ದ ಪ್ರೆಸ್ಬಿಟೇರಿಯನ್ ಗುರುಮಠ ದಶಕಗಳ ಕಾಲ ನಡೆದಿದ್ದರೂ ಸಭೆಗಳಿಗೆ ಬೇಕಾದಷ್ಟು ಪಾಲಕರನ್ನು ಕೊಡಲಾರದೆ ಹೋಗಿತ್ತು. ಹಳ್ಳಿಯಿಂದ ಬಂದ ಯುವಕರು ನಗರದ ಬದುಕಿಗೆ ಒಗ್ಗಿ, ಹಳ್ಳಿಗೆ ಮರಳಲು ಹಿಂಜರಿಯುತ್ತಿದ್ದರು. ಹಳ್ಳಿಗಳಲ್ಲಿ ಆಗಲೇ ಸಭೆಯನ್ನು ನಡೆಸುತ್ತಿದ್ದ ನಿಜವಾದ ಮುಂದಾಳುಗಳಿಗಾದರೋ ಹೊಲವೂ ಸಂಸಾರವೂ ಇದ್ದವು; ಅವರು ಗುರುಮಠಕ್ಕೆ ಬಂದು ವರ್ಷಗಟ್ಟಲೆ ಇರುವಂತಿರಲಿಲ್ಲ. ಜೇಮ್ಸ್ ಎಮೆರಿ, ರಾಲ್ಫ್ ವಿಂಟರ್ ಮತ್ತು ಬಳಿಕ ಅವರನ್ನು ಸೇರಿದ ರಾಸ್ ಕಿನ್ಸ್ಲರ್ ಈ ಬಿಕ್ಕಟ್ಟನ್ನು ತಲೆಕೆಳಗು ಮಾಡಿ ನೋಡಿದರು: ವಿದ್ಯಾರ್ಥಿ ಬರಲಾರನಾದರೆ ಗುರುಮಠವೇ ಹೋಗಲಿ. ಗುರುಮಠವನ್ನು ರಾಜಧಾನಿಯಿಂದ ಪಶ್ಚಿಮದ ಗ್ರಾಮೀಣ ಪ್ರದೇಶದ ಸಾನ್ ಫೆಲಿಪೆಗೆ ಸ್ಥಳಾಂತರಿಸಲಾಯಿತು. 1963ರಲ್ಲಿ ವಿಸ್ತರಣಾ ಪದ್ಧತಿ ಆರಂಭವಾಯಿತು. ವಿದ್ಯಾರ್ಥಿಗಳು ವಾರವಿಡೀ ತಮ್ಮ ಮನೆಗಳಲ್ಲಿ ಓದುತ್ತಿದ್ದರು. ವಾರಕ್ಕೊಮ್ಮೆ ಬೋಧಕರು ಪ್ರಾದೇಶಿಕ ಕೇಂದ್ರಗಳಿಗೆ ಪಯಣಿಸಿ ಅವರನ್ನು ಭೇಟಿಯಾಗುತ್ತಿದ್ದರು.

ಆದರೆ ಈ ವ್ಯವಸ್ಥೆ ಬೋಧಕರಿಂದ ಎಂದೂ ಕೇಳದಿದ್ದುದನ್ನು ಕೇಳಿತು. ತರಗತಿಯ ಪಠ್ಯಪುಸ್ತಕವನ್ನು ಕೈಗಿಟ್ಟರೆ ಹಳ್ಳಿಯ ಓದುಗನಿಗೆ ಅದು ದಕ್ಕುತ್ತಿರಲಿಲ್ಲ, ಏಕೆಂದರೆ ಆ ಪುಸ್ತಕಗಳು ಪಕ್ಕದಲ್ಲಿ ಬೋಧಕನಿದ್ದಾನೆಂಬ ನಂಬಿಕೆಯ ಮೇಲೆ ಬರೆದಂಥವು. ಪ್ರಾಥಮಿಕ ಶಾಲೆಯನ್ನಷ್ಟೇ ಕಂಡವರಿಂದ ವಿಶ್ವವಿದ್ಯಾಲಯದಲ್ಲಿ ಓದಿದವರವರೆಗೆ ಬೇರೆ ಬೇರೆ ಮಟ್ಟದ ವಿದ್ಯಾರ್ಥಿಗಳು ಅಲ್ಲಿದ್ದರು. ಹಾಗಾಗಿ ಬೋಧಕರೇ ಹೊಸ ಪಠ್ಯಗಳನ್ನು ಬರೆಯಬೇಕಾಯಿತು. ಬಿ. ಎಫ್. ಸ್ಕಿನ್ನರ್ ಅವರ ಸಂಶೋಧನೆಯಿಂದ ಆಗ ಪ್ರಚಾರದಲ್ಲಿದ್ದ ಸ್ವಬೋಧಕ ಪಠ್ಯದ ಮಾದರಿಯನ್ನು ಅವರು ಹಿಡಿದರು. ಅದರಲ್ಲಿ ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಕೂಡಲೇ ಸರಿನೋಡಲು ಅವಕಾಶ ಕೊಡಲಾಗುತ್ತದೆ. ಇಂಥ ಒಂದು ಪುಟ ಬರೆಯುವುದು ಹತ್ತು ಉಪನ್ಯಾಸಗಳಿಗಿಂತ ಕಷ್ಟ. ಓದುಗ ಎಲ್ಲಿ ಎಡವುತ್ತಾನೆಂಬುದನ್ನು ಅವನು ಎಡವುವ ಮೊದಲೇ ಬರೆಯುವವನು ಕಾಣಬೇಕು.

ಚಳವಳಿ ಹಬ್ಬಿದಂತೆ ಈ ಕಷ್ಟವೂ ದೊಡ್ಡದಾಯಿತು. 1967ರಲ್ಲಿ ಕೊಲಂಬಿಯಾದ ಆರ್ಮೇನಿಯ ಎಂಬ ಪಟ್ಟಣದಲ್ಲಿ ಹಲವು ಗುರುಮಠಗಳವರು ಸೇರಿ, ಪಠ್ಯಗಳನ್ನು ಹಂಚಿಕೊಂಡು ಬರೆಯುವ ಯೋಜನೆಯನ್ನು ಹಾಕಿದರು. ಯೋಜನೆ ಒಳ್ಳೆಯದೇ. ಆದರೆ ಬರೆಯಬೇಕಾದವರು ಈಗಾಗಲೇ ಪಾಠ, ಪಯಣ, ಸಭೆಯ ಕೆಲಸಗಳಲ್ಲಿ ಮುಳುಗಿದ್ದವರು. ಬರೆಯುವ ಕೌಶಲವನ್ನು ಕಲಿಯಲು, ಬರೆದದ್ದನ್ನು ಪರೀಕ್ಷಿಸಿ ತಿದ್ದಲು ಅವರಿಗೆ ಬಿಡುವಿರಲಿಲ್ಲ. ಪಠ್ಯಗಳು ನಿರೀಕ್ಷಿಸಿದ ವೇಗದಲ್ಲಿ ಹೊರಬರಲಿಲ್ಲ. ಇಲ್ಲಿ ಉತ್ಸಾಹಕ್ಕಾಗಲಿ ವಿಶ್ವಾಸಕ್ಕಾಗಲಿ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಬೋಧಕನ ದಿನದ ಗಂಟೆಗಳಿಗೆ.

ಈ ಹಂತದಲ್ಲಿ ನೆರವಿಗೆ ಬಂದವರು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಶಿಕ್ಷಣತಜ್ಞ ಟೆಡ್ ವಾರ್ಡ್. ಅವರು ಕೊಟ್ಟ ಬೇಲಿಯ ರೂಪಕ ಪ್ರಸಿದ್ಧವಾಯಿತು. ಬೇಲಿಯ ಒಂದು ಅಡ್ಡಪಟ್ಟಿ ಓದಿನಿಂದ ಬರುವ ತಿಳಿವು, ಇನ್ನೊಂದು ಸಭೆಯ ಸೇವೆಯಲ್ಲಿ ಬರುವ ಅನುಭವ. ಎರಡನ್ನೂ ಹಿಡಿದು ನಿಲ್ಲಿಸುವ ಗೂಟಗಳೇ ನಿಯತವಾದ ಭೇಟಿಗಳು. ಗೂಟವಿಲ್ಲದೆ ಪಟ್ಟಿಗಳು ನೆಲಕ್ಕೆ ಬೀಳುತ್ತವೆ. ಆ ಭೇಟಿಯಲ್ಲಿ ಬೋಧಕ ಉಪನ್ಯಾಸ ಕೊಡುವವನಲ್ಲ, ಓದನ್ನೂ ಅನುಭವವನ್ನೂ ಜೋಡಿಸಿಕೊಳ್ಳಲು ಗುಂಪಿಗೆ ನೆರವಾಗುವವನು. ಪಾವ್ಲೊ ಫ್ರೇರಿಯವರ ಚಿಂತನೆ ಲ್ಯಾಟಿನ್ ಅಮೆರಿಕದಲ್ಲಿ ಹರಡುತ್ತಿದ್ದ ಕಾಲವದು. ಹೆಜ್ಜೆ ಹೆಜ್ಜೆಗೂ ಸಿದ್ಧ ಉತ್ತರ ಕೊಡುವ ಪಠ್ಯ ಓದುಗನನ್ನು ಪಳಗಿಸುತ್ತದೆಯೇ, ಬಿಡುಗಡೆ ಮಾಡುತ್ತದೆಯೇ ಎಂಬ ಪ್ರಶ್ನೆಯನ್ನು ಈ ಚಳವಳಿಯೊಳಗಿನವರೇ ಕೇಳಿಕೊಂಡರು. ಆ ಪ್ರಶ್ನೆಗೆ ಉತ್ತರ ಪಠ್ಯದಲ್ಲಿರಲಿಲ್ಲ. ವಾರದ ಭೇಟಿಯನ್ನು ನಡೆಸುವ ಬೋಧಕ ಎಂಥವನು ಎಂಬುದರಲ್ಲಿತ್ತು.

ಈ ಚಳವಳಿ ನಮ್ಮ ನಾಡಿಗೂ ಬಂತು. 1971ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಟ್ಯಾಫ್ಟೀ ಸಂಸ್ಥೆ ಇಂಗ್ಲಿಷಿನಲ್ಲಿಯೂ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿಯೂ ವಿಶ್ವಾಸಿಗಳಿಗೆ ದೈವಶಾಸ್ತ್ರವನ್ನು ಕಲಿಸುತ್ತ ಬಂದಿದೆ. ಮನೆಯಲ್ಲಿ ಓದು, ನಿಗದಿತ ದಿನ ಗುಂಪಿನಲ್ಲಿ ಚರ್ಚೆ ಎಂಬುದೇ ಅಲ್ಲಿನ ಕ್ರಮ. ದೂರಶಿಕ್ಷಣ ಇಂಟರ್‌ನೆಟ್ಟಿನೊಡನೆ ಬಂದ ಹೊಸ ಸಂಗತಿಯೆಂದು ಭಾವಿಸುವ ನಮಗೆ, ಅರ್ಧ ಶತಮಾನದ ಅನುಭವ ನಮ್ಮದೇ ಊರಿನಲ್ಲಿದೆ ಎಂಬುದು ತಿಳಿದಿರಬೇಕು.

4. ಒಬ್ಬರ ಪಾಠ, ಹಲವರ ಕೆಲಸ

ಅದೇ ಕಾಲದಲ್ಲಿ ಲೌಕಿಕ ಶಿಕ್ಷಣದಲ್ಲಿಯೂ ಇಂಥದೇ ಪ್ರಶ್ನೆ ಎದ್ದಿತ್ತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯಕ್ಕೆ 1969ರಲ್ಲಿ ರಾಜಸನ್ನದು ದೊರೆಯಿತು. 1971ರ ಜನವರಿಯಲ್ಲಿ ಸುಮಾರು 24,000 ವಿದ್ಯಾರ್ಥಿಗಳೊಡನೆ ಪಾಠ ಆರಂಭವಾಯಿತು. ಮೊದಲ ಕುಲಪತಿ ವಾಲ್ಟರ್ ಪೆರ್‍ರಿ ಅವರ ನಾಯಕತ್ವದಲ್ಲಿ ರೂಪುಗೊಂಡ ವ್ಯವಸ್ಥೆಗಳಲ್ಲಿ ಅತ್ಯಂತ ಮಹತ್ವದ್ದು 'ಕೋರ್ಸ್ ತಂಡ'. ವಿಷಯತಜ್ಞರು, ಬೋಧನಾವಿಧಾನ ಬಲ್ಲವರು, ಬಿಬಿಸಿಯ ನಿರ್ಮಾಪಕರು, ಸಂಪಾದಕರು, ಹೊರಗಿನ ಪರೀಕ್ಷಕರು ಒಂದೇ ಮೇಜಿನ ಸುತ್ತ ಕುಳಿತು ಒಂದು ಕೋರ್ಸನ್ನು ಕಟ್ಟುತ್ತಿದ್ದರು. ಒಬ್ಬ ಪ್ರಾಧ್ಯಾಪಕ ಬರೆದ ಕರಡನ್ನು ಉಳಿದವರೆಲ್ಲ ಓದಿ ಟೀಕಿಸುತ್ತಿದ್ದರು. ಮುಚ್ಚಿದ ಬಾಗಿಲ ಹಿಂದೆ ಪಾಠ ಮಾಡಿ ರೂಢಿಯಿದ್ದ ವಿದ್ವಾಂಸರಿಗೆ ಇದು ನೋವಿನ ಅನುಭವವೇ ಆಗಿತ್ತು. ಆದರೆ ಆ ಟೀಕೆಯಿಂದಲೇ ಅವರು ದೂರದ ಓದುಗನಿಗೆ ಬರೆಯುವುದನ್ನು ಕಲಿತರು. ಇತ್ತ ವಿದ್ಯಾರ್ಥಿಗಳ ಊರುಗಳಲ್ಲಿದ್ದ ಅರೆಕಾಲಿಕ ಟ್ಯೂಟರುಗಳು ಉತ್ತರಪತ್ರಿಕೆಗಳಿಗೆ ವಿವರವಾದ ಟಿಪ್ಪಣಿ ಬರೆಯುತ್ತಿದ್ದರು. ಆ ಟಿಪ್ಪಣಿಗಳ ಕೆಲವು ಮಾದರಿಗಳನ್ನು ವಿಶ್ವವಿದ್ಯಾಲಯ ತರಿಸಿಕೊಂಡು ಓದಿ ಟ್ಯೂಟರುಗಳಿಗೆ ಸಲಹೆ ಕೊಡುತ್ತಿತ್ತು. ಬೋಧಕನನ್ನು ತಿದ್ದುವ ಕೆಲಸ ಆರಂಭದ ತರಬೇತಿಯೊಡನೆ ಮುಗಿಯದೆ ಪಾಠದ ಉದ್ದಕ್ಕೂ ಸಾಗಿತು.

ಭಾರತದಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿಯೂ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿಯೂ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿದವು. ಮೈಸೂರಿನ ಆ ಸಂಸ್ಥೆಯ ಬೇರಿನಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬೆಳೆಯಿತು. ಅಂಚೆಯ ಪಾಠಗಳ ಬಗ್ಗೆ ಬಹುಕಾಲ ಕೇಳಿಬಂದ ಆಕ್ಷೇಪ ಒಂದೇ: ತರಗತಿಯ ಉಪನ್ಯಾಸವನ್ನೇ ಅಚ್ಚು ಹಾಕಿ ಲಕೋಟೆಗೆ ತುಂಬಿದಂತಿದೆ ಎಂಬುದು. ಈ ಕೊರತೆಯನ್ನು ಮನಗಂಡೇ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ದೂರಶಿಕ್ಷಣದ ಬೋಧಕರ ತರಬೇತಿಗೂ ಸಂಶೋಧನೆಗೂ 1993ರಲ್ಲಿ ಪ್ರತ್ಯೇಕ ಸಂಸ್ಥೆಯನ್ನು ತೆರೆಯಿತು. 2004ರಲ್ಲಿ ಇಸ್ರೊ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿದಾಗ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಉಪಗ್ರಹದ ಮೂಲಕ ಕಾಲೇಜುಗಳಿಗೆ ಪಾಠಗಳನ್ನು ಬಿತ್ತರಿಸಿದ ಮೊದಲಿಗರಲ್ಲಿತ್ತು. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ ಬಂತು. ಅಂಚೆ, ಉಪಗ್ರಹ, ಅಂತರಜಾಲ ಎಂದು ವಾಹನ ಬದಲಾಗುತ್ತ ಬಂದಿದೆ. ತರಗತಿಯಲ್ಲಿ ಕಲಿಸುವವನು ದೂರದವರಿಗೆ ಕಲಿಸುವವನಾಗುವುದು ಹೇಗೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

5. ಪರದೆಯ ಮೇಲಿನ ಸಾನ್ನಿಧ್ಯ

ಅಂತರಜಾಲದ ಬೋಧನೆ ಕುರಿತು 2000ರಲ್ಲಿ ಬಂದ ಎರಡು ಚಿಂತನೆಗಳು ಇಲ್ಲಿ ಸ್ಮರಣೀಯ. ಮೊದಲನೆಯದು ಕೆನಡಾದ ರ್‍ಯಾಂಡಿ ಗ್ಯಾರಿಸನ್ ಮತ್ತು ಸಹೋದ್ಯೋಗಿಗಳದು. ಆನ್‌ಲೈನ್ ಕಲಿಕೆ ಸಾರ್ಥಕವಾಗಲು ಮೂರು ಬಗೆಯ ಸಾನ್ನಿಧ್ಯ ಬೇಕೆಂದು ಅವರು ಹೇಳಿದರು. ಚಿಂತನೆಯ ಸಾನ್ನಿಧ್ಯ ಮತ್ತು ಪರಸ್ಪರರ ಸಾನ್ನಿಧ್ಯದ ಜೊತೆಗೆ ಬೋಧಕನ ಸಾನ್ನಿಧ್ಯವೂ ಬೇಕು. ಬೋಧಕನ ಸಾನ್ನಿಧ್ಯವೆಂದರೆ ಪರದೆಯ ಮೇಲೆ ಅವನ ಮುಖ ಕಾಣುವುದಲ್ಲ. ಕೋರ್ಸಿನ ವಿನ್ಯಾಸದಲ್ಲಿ, ಚರ್ಚೆಯನ್ನು ಮುನ್ನಡೆಸುವುದರಲ್ಲಿ, ಅಗತ್ಯವಿದ್ದಲ್ಲಿ ನೇರವಾಗಿ ತಿಳಿಹೇಳುವುದರಲ್ಲಿ ಅವನು ಇರುತ್ತಾನೆ. ಸಾನ್ನಿಧ್ಯವೆಂಬ ಪದ ದೈವಶಾಸ್ತ್ರದ ವಿದ್ಯಾರ್ಥಿಗೆ ಪರಕೀಯವಲ್ಲ. ವಾಕ್ಯವು ಮಾಂಸವಾದುದನ್ನು ನಂಬುವ ನಾವು ಮುಖಾಮುಖಿ ಬಾಳಿಗೆ ಬದಲಿ ಇದೆಯೆಂದು ಸುಲಭವಾಗಿ ಒಪ್ಪಲಾರೆವು, ಒಪ್ಪಬೇಕಾಗಿಯೂ ಇಲ್ಲ. ಆದರೆ ಒಂದೇ ಕೋಣೆಯಲ್ಲಿದ್ದೂ ಗೈರುಹಾಜರಾಗಿರುವ ಬೋಧಕರನ್ನು ನಾವೆಲ್ಲ ಕಂಡಿದ್ದೇವೆ. ದೂರದಲ್ಲಿದ್ದೂ ಉಪಸ್ಥಿತನಾಗಿರುವುದು ಒಂದು ಸಾಧನೆ. ಅದನ್ನು ಕಲಿಯಬೇಕು, ಕಲಿಸಬೇಕು.

ಕಲಿಸುವುದು ಹೇಗೆಂಬುದಕ್ಕೆ ಎರಡನೆಯ ಚಿಂತನೆ ದಾರಿ ತೋರಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಜಿಲ್ಲಿ ಸಾಲ್ಮನ್ ಆನ್‌ಲೈನ್ ಟ್ಯೂಟರುಗಳನ್ನು ಆನ್‌ಲೈನಿನಲ್ಲಿಯೇ ತರಬೇತುಗೊಳಿಸಿದರು. ಒಳಪ್ರವೇಶ, ಪರಿಚಯ, ಮಾಹಿತಿ ವಿನಿಮಯ, ಜ್ಞಾನದ ರಚನೆ, ಸ್ವತಂತ್ರ ಬೆಳವಣಿಗೆ ಎಂಬ ಐದು ಮೆಟ್ಟಿಲುಗಳನ್ನು ಅವರು ಗುರುತಿಸಿದರು. ಈ ಕ್ರಮದಲ್ಲಿ ಬೋಧಕ ಮೊದಲು ವಿದ್ಯಾರ್ಥಿಯಾಗಿ ಅದೇ ಪರದೆಯ ಮುಂದೆ ಕೂರುತ್ತಾನೆ. ಲಾಗಿನ್ ಆಗದೆ ಪೇಚಾಡುವುದು, ತನ್ನ ಮಾತಿಗೆ ಯಾರೂ ಉತ್ತರಿಸದಿದ್ದಾಗ ಆಗುವ ಬೇಸರ, ಯಾರೋ ಒಬ್ಬರು ಹೆಸರು ಹಿಡಿದು ಕರೆದಾಗ ಆಗುವ ನೆಮ್ಮದಿ ಇವೆಲ್ಲ ಅವನ ಸ್ವಂತ ಅನುಭವವಾಗುತ್ತವೆ. ಇದಾದ ಮೇಲೆ ಕಲಿಸಲು ಹೋಗುವವನು ಬೇರೆಯೇ ಬೋಧಕ.

ಇದೇ ದಾರಿಯಲ್ಲಿ, ಟೆಡ್ ವಾರ್ಡ್ ಒಂದು ಕಾಲಕ್ಕೆ ಕಲಿಸಿದ್ದ ಅದೇ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಪ್ರಾಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಒಂದೊಂದು ಗುಂಪು ಮಾಡಿ, ಆ ಗುಂಪುಗಳಿಂದ ನಿಜವಾದ ಆನ್‌ಲೈನ್ ಕೋರ್ಸುಗಳನ್ನು ರೂಪಿಸಿದರು. ವಿಷಯಜ್ಞಾನ, ಬೋಧನಾಜ್ಞಾನ, ತಂತ್ರಜ್ಞಾನ ಈ ಮೂರನ್ನು ಬೇರೆ ಬೇರೆಯಾಗಿ ಕಲಿಸಿ ಆಮೇಲೆ ಕೂಡಿಸಲಾಗದು, ಒಂದು ಕೋರ್ಸನ್ನು ಕಟ್ಟುವಾಗಲೇ ಅವು ಬೆಸೆದುಕೊಳ್ಳುತ್ತವೆ ಎಂಬುದು 2006ರಲ್ಲಿ ಅವರು ಮಂಡಿಸಿದ ತೀರ್ಮಾನ. ಎರಡು ದಿನಗಳ ಕಾರ್ಯಾಗಾರ ನಡೆಸಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿ, ಪ್ರಮಾಣಪತ್ರ ಕೊಟ್ಟು ಕಳುಹಿಸುವ ನಮ್ಮ ಪದ್ಧತಿ ಏಕೆ ಫಲಿಸುವುದಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಇವೆಲ್ಲ ತಿಳಿದಿದ್ದ ಜಗತ್ತಿಗೇ 2020 ಬಂದೆರಗಿತು. ಆ ಮಾರ್ಚಿನಲ್ಲಿಯೇ ಚಾರ್ಲ್ಸ್ ಹಾಜಸ್ ಮತ್ತು ಸಂಗಡಿಗರು ಒಂದು ಮುಖ್ಯವಾದ ಎಚ್ಚರಿಕೆ ಕೊಟ್ಟರು. ಈಗ ನಡೆಯುತ್ತಿರುವುದು ತುರ್ತುಸ್ಥಿತಿಯ ಬೋಧನೆ. ಅದನ್ನು ಆನ್‌ಲೈನ್ ಶಿಕ್ಷಣವೆಂದು ಕರೆಯಬಾರದು. ವಿಶ್ವವಿದ್ಯಾಲಯದ ಒಂದು ಆನ್‌ಲೈನ್ ಕೋರ್ಸನ್ನು ಸರಿಯಾಗಿ ಸಿದ್ಧಪಡಿಸಲು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಬೇಕು ಎಂದು ಅವರು ನೆನಪಿಸಿದರು. ನನ್ನ ಹಿರಿಯ ಮಿತ್ರರಿಗೆ ದೊರೆತದ್ದು ಒಂದು ರಾತ್ರಿ. ತುರ್ತಿನಲ್ಲಿ ಬೇರೆ ದಾರಿಯಿರಲಿಲ್ಲ ಎಂಬುದು ನಿಜ. ಆದರೆ ತುರ್ತು ಮುಗಿದ ಮೇಲೆಯೂ ಆ ಒಂದು ರಾತ್ರಿಯ ಲೆಕ್ಕದಲ್ಲಿಯೇ ನಾವು ಹೊಸ ಕೋರ್ಸುಗಳನ್ನು ಯೋಜಿಸುತ್ತಿದ್ದರೆ ಅದಕ್ಕೆ ಮಹಾಮಾರಿಯನ್ನು ದೂರುವಂತಿಲ್ಲ.

6. ನಮ್ಮ ಮುಂದಿರುವ ಕರ್ತವ್ಯ

ಧರ್ಮಸಭೆ ಈ ದಾರಿಯನ್ನು ಮುಚ್ಚಿಲ್ಲ. 2018ರಲ್ಲಿ ಪ್ರಕಟವಾದ ವಿಶ್ವಗುರು ಫ್ರಾನ್ಸಿಸರ 'ವೆರಿತಾತಿಸ್ ಗೌದಿಯುಂ' ಪ್ರೇಷಿತ ಸಂವಿಧಾನದ ಜೊತೆಗಿನ ನಿಯಮಾವಳಿ, ಧರ್ಮಸಭೆಯ ವಿಶ್ವವಿದ್ಯಾಲಯಗಳಲ್ಲಿ ಪಾಠಗಳ ಒಂದು ಭಾಗವನ್ನು ದೂರಶಿಕ್ಷಣದ ಮೂಲಕ ನಡೆಸಲು ಷರತ್ತುಗಳೊಡನೆ ಅವಕಾಶ ಕೊಟ್ಟಿದೆ. 2021ರಲ್ಲಿ ಕಥೋಲಿಕ ಶಿಕ್ಷಣ ಕುರಿತ ವ್ಯಾಟಿಕನ್ ಪರಿಷತ್ತು ಈ ವಿಷಯಕ್ಕಾಗಿಯೇ ಒಂದು ಸೂಚನಾಪತ್ರವನ್ನು ಹೊರಡಿಸಿತು. ಯಾಜಕತ್ವದ ತರಬೇತಿ ಕೂಡಿ ಬಾಳುವ ಸಮುದಾಯದಲ್ಲಿಯೇ ಆಗಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಒಂದೇ ಬಲಿಪೀಠ, ಒಂದೇ ಊಟದ ಮೇಜು, ದಿನನಿತ್ಯದ ತಾಳ್ಮೆ ಇವುಗಳನ್ನು ಯಾವ ಪರದೆಯೂ ಕೊಡಲಾರದು. ಆದರೆ ಬೀದರಿನ ಹಳ್ಳಿಯ ಉಪದೇಶಿ, ಹಗಲು ಆಸ್ಪತ್ರೆಯಲ್ಲಿ ದುಡಿಯುವ ಧರ್ಮಭಗಿನಿ, ಮೂವರು ಮಕ್ಕಳನ್ನು ಸಾಕುತ್ತ ಭಾನುವಾರ ಧರ್ಮೋಪದೇಶ ತರಗತಿ ನಡೆಸುವ ತಾಯಿ ಇವರು ಗ್ವಾಟೆಮಾಲಾದ ಆ ರೈತರಂತೆಯೇ ಗುರುಮಠಕ್ಕೆ ಬರಲಾರದವರು. ಅವರಿಗೆ ಕಳಪೆ ಪಾಠ ಸಾಕೆಂದು ಭಾವಿಸುವ ಹಕ್ಕು ನಮಗಿಲ್ಲ.

ಚರಿತ್ರೆಯಿಂದ ಕಲಿಯುವುದಾದರೆ ನಾಲ್ಕು ಕೆಲಸಗಳು ಸ್ಪಷ್ಟವಾಗಿ ಕಾಣುತ್ತವೆ. ಮೊದಲನೆಯದಾಗಿ, ಕೋರ್ಸನ್ನು ಸಿದ್ಧಪಡಿಸುವ ತಿಂಗಳುಗಳನ್ನು ಬೋಧನೆಯ ಹೊರೆಯೊಳಗೇ ಲೆಕ್ಕ ಹಾಕಬೇಕು. ಮೂರು ವಿಷಯಗಳ ಪಾಠ, ಧರ್ಮಕೇಂದ್ರದ ಭಾನುವಾರದ ಪೂಜೆ, ಗುರುಮಠದ ಲೆಕ್ಕಪತ್ರ ಎಲ್ಲವನ್ನೂ ಹೊತ್ತವರ ಮೇಲೆ ಇದನ್ನೂ ಹೇರಿದರೆ ಲ್ಯಾಟಿನ್ ಅಮೆರಿಕದ ಪಠ್ಯಗಳಿಗಾದ ಗತಿಯೇ ನಮ್ಮವಕ್ಕೂ ಆಗುತ್ತದೆ. ಎರಡನೆಯದಾಗಿ, ಯಾರಿಗೂ ಒಂಟಿಯಾಗಿ ಕೋರ್ಸು ಕಟ್ಟಲು ಬಿಡಬಾರದು. ದೊಡ್ಡ ತಂಡ ನಮ್ಮಿಂದ ಸಾಧ್ಯವಾಗದಿರಬಹುದು. ವಿಷಯ ಬಲ್ಲ ಹಿರಿಯರೊಬ್ಬರು, ತಂತ್ರ ಬಲ್ಲ ಕಿರಿಯರೊಬ್ಬರು, ಮೊದಲ ಓದುಗನಾಗಿ ಒಬ್ಬ ಉಪದೇಶಿ ಹೀಗೆ ಮೂವರನ್ನು ಕೂಡಿಸುವುದು ಯಾವ ಗುರುಮಠಕ್ಕೂ ಅಸಾಧ್ಯವಲ್ಲ. ಮೂರನೆಯದಾಗಿ, ಕಲಿಸುವವರು ಮೊದಲು ಅದೇ ವೇದಿಕೆಯಲ್ಲಿ ಕೆಲವು ವಾರ ವಿದ್ಯಾರ್ಥಿಗಳಾಗಬೇಕು. ನಾಲ್ಕನೆಯದಾಗಿ, ಧರ್ಮಕೇಂದ್ರಗಳಲ್ಲಿ ತಿಂಗಳಿಗೊಮ್ಮೆಯಾದರೂ ಭೇಟಿಯ ಗೂಟಗಳನ್ನು ನೆಡಬೇಕು. ಆ ಗುಂಪನ್ನು ನಡೆಸುವವರನ್ನೂ ಬೋಧಕರೆಂದೇ ಗೌರವಿಸಿ ತರಬೇತಿ ಕೊಡಬೇಕು. ಇದಕ್ಕೆಲ್ಲ ಹಣ ಬೇಕು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಸಮಯಪಟ್ಟಿಯಲ್ಲಿ ಜಾಗ. ಆ ಜಾಗವನ್ನು ಮಾಡಿಕೊಡುವುದು ರೆಕ್ಟರರ ಮತ್ತು ಧರ್ಮಾಧ್ಯಕ್ಷರ ಕೈಯಲ್ಲಿದೆ. 1599ರ ನಿಯಮವೂ ಮಾತಾಡಿದ್ದು ರೆಕ್ಟರರೊಡನೆಯೇ.

ಕಳೆದ ವರ್ಷ ಆ ಹಿರಿಯ ಗುರುಗಳನ್ನು ಕಾಣಲು ಹೋಗಿದ್ದೆ. ಅವರ ಮೇಜಿನ ಮೇಲೆ ಮೂವತ್ತು ವರ್ಷಗಳ ಟಿಪ್ಪಣಿಗಳ ಕಟ್ಟುಗಳಿದ್ದವು. ಅಂಚುಗಳಲ್ಲಿ ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ತಿದ್ದುಪಡಿಗಳು. ಉಪದೇಶಿಗಳಿಗಾಗಿ ಒಂದು ಸಣ್ಣ ಕೋರ್ಸು ಮಾಡೋಣವೇ, ಪರದೆಯ ಕೆಲಸವನ್ನು ನಾವು ಇಬ್ಬರು ಕಿರಿಯರು ನೋಡಿಕೊಳ್ಳುತ್ತೇವೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆಯುವುದು ನಾನು, ಒಯ್ಯುವುದು ನೀವು ಎನ್ನುತ್ತೀರಿ" ಎಂದರು. ನಾನು ಹೌದೆಂದೆ. ಅವರು ಒಂದು ಕಟ್ಟನ್ನು ಬಿಚ್ಚಿ, ಮೊದಲನೆಯ ಹಾಳೆಯನ್ನು ನನ್ನ ಕಡೆಗೆ ಸರಿಸಿದರು.